ಕ್ರೂಸ್‌ನಲ್ಲಿ ಕ್ಯಾಬಿನ್ ಸಿಬ್ಬಂದಿಗೆ ಟಿಪ್ಸ್: ಬಿಲ್ಲಲ್ಲಿ ಕಟ್ ಆದ ಮೇಲೂ ಕೈಗೆ ಕೊಡಬೇಕಾ?

ತುಂಗಾತೀರ
ಸಿಂಗಪುರದಿಂದ ನಾಲ್ಕು ರಾತ್ರಿಯ ರಾಯಲ್ ಕೆರಿಬಿಯನ್ ಪ್ಯಾಕೇಜು. ನಾವಿಬ್ಬರು, ಏಳು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಒಂದೇ ಬಾಲ್ಕನಿ ಕ್ಯಾಬಿನ್. ಏಜೆಂಟ್ ಕೊಟ್ಟ ಕೊಟೇಶನ್ನಿನಲ್ಲಿ ‘ಪೋರ್ಟ್ ಟ್ಯಾಕ್ಸ್ ಸೇರಿದೆ, ಗ್ರ್ಯಾಚುಟಿ ಹಡಗಿನಲ್ಲಿ’ ಅಂತ ಬರೆದಿದೆ. ಗ್ರ್ಯಾಚುಟಿ ಅಂದರೆ ಸಿಬ್ಬಂದಿಯ ಟಿಪ್ಸ್ ಅಂತೆ. ಇದು ಕಡ್ಡಾಯವಾ? ಕೂಸಿಗೂ ಕಟ್ಟಬೇಕಾ? ಇದನ್ನ ಕಟ್ಟಿದ ಮೇಲೆ ರೂಮ್ ಕ್ಲೀನ್ ಮಾಡೋರಿಗೆ ಮತ್ತೆ ಕೈಯಲ್ಲಿ ಕೊಡಬೇಕಾ? ಕೊಡೋದಾದ್ರೆ ಎಷ್ಟು, ಯಾವಾಗ, ಯಾವ ದುಡ್ಡು?

ಕಡಲದಾರಿ
ಇಲ್ಲಿ ಎರಡು ಬೇರೆ ಬೇರೆ ದುಡ್ಡು ಇದೆ. ಅವೆರಡನ್ನೂ ಒಂದೇ ಅಂತ ತಿಳಿಯೋದರಿಂದಲೇ ಗೊಂದಲ ಶುರುವಾಗೋದು.

ಮೊದಲನೆಯದು ದಿನದ ಗ್ರ್ಯಾಚುಟಿ. ಹಡಗು ಹತ್ತಿದ ದಿನದಿಂದ ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ನಿಮ್ಮ ಹಡಗಿನ ಖಾತೆಗೆ ತಾನಾಗಿಯೇ ಬೀಳುತ್ತೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಇದು ಹೆಚ್ಚುಕಡಿಮೆ 16ರಿಂದ 20 ಡಾಲರ್. ರಾಯಲ್ ಕೆರಿಬಿಯನ್ನಿನಲ್ಲಿ ಸಾಮಾನ್ಯ ಕ್ಯಾಬಿನ್ನಿಗೆ 18.50, ಸ್ವೀಟಿಗೆ (ದೊಡ್ಡ ಐಷಾರಾಮಿ ಕ್ಯಾಬಿನ್ನಿಗೆ) 21. ನಾರ್ವೇಜಿಯನ್ನಿನಲ್ಲಿ 20, ಅವರ ಹೇವನ್ ಸ್ವೀಟುಗಳಿಗೆ 25. ದರ ಆಗಾಗ ಏರುತ್ತಿರುತ್ತೆ, ಹಾಗಾಗಿ ನಿಮ್ಮ ಬುಕಿಂಗ್ ಪುಟದಲ್ಲಿ ಕಾಣೋದೇ ಕೊನೆ ಮಾತು. ಈ ದುಡ್ಡು ಬರೀ ಕ್ಯಾಬಿನ್ ಸ್ಟೂವರ್ಡಿನ (ನಿಮ್ಮ ರೂಮ್ ನೋಡಿಕೊಳ್ಳೋನ) ಜೇಬಿಗಲ್ಲ. ಊಟದ ಹಾಲಿನ ವೇಟರುಗಳು, ಅವರ ಸಹಾಯಕರು, ಅಡುಗೆಮನೆ ಕಡೆಯವರು, ಹೋಟೆಲ್ ವಿಭಾಗದ ಇತರರು, ಎಲ್ಲರಿಗೂ ಹಂಚಿಕೆ ಆಗುತ್ತೆ.

ಎರಡನೆಯದು ನೀವು ಕೈಯಾರೆ ಕೊಡೋದು. ಅದು ಪೂರ್ತಿ ನಿಮ್ಮ ಇಷ್ಟ.

ನಿಮ್ಮ ಲೆಕ್ಕ: ರಾಯಲ್‌ನಲ್ಲಿ ವಯಸ್ಸಿನ ವಿನಾಯಿತಿ ಇಲ್ಲ, ಕೂಸಿಗೂ ಪೂರ್ತಿ ದರ. 18.50 × 4 ಜನ × 4 ರಾತ್ರಿ = 296 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ 26,640. ಕೊಟೇಶನ್ನಿನ ಮೂಲೆಯಲ್ಲಿ ಎರಡೇ ಪದದಲ್ಲಿ ಮುಗಿಸಿರೋ ಖರ್ಚು ಇಷ್ಟು. ಕಾರ್ನಿವಲ್‌ನಲ್ಲಿ ಎರಡು ವರ್ಷದೊಳಗಿನ ಮಗುವಿಗೆ, ನಾರ್ವೇಜಿಯನ್ನಿನಲ್ಲಿ ಮೂರು ವರ್ಷದೊಳಗಿನ ಮಗುವಿಗೆ ಹಾಕೋದಿಲ್ಲ. ಕೂಸಿರೋರು ಕಂಪನಿ ಆರಿಸುವಾಗ ಇದನ್ನೂ ನೋಡಿಕೊಳ್ಳಬೇಕು.

ಕಡ್ಡಾಯವಾ ಅಂದ್ರೆ, ರಾಯಲ್‌ನಲ್ಲಿ ಇಳಿಯೋ ಮುಂಚೆ ಗೆಸ್ಟ್ ಸರ್ವಿಸ್ ಕೌಂಟರಿಗೆ ಹೋಗಿ ಕಡಿಮೆ ಮಾಡಿಸಬಹುದು, ತೆಗೆಸಲೂಬಹುದು. ತೆಗೆಸಬೇಕಾ ಅನ್ನೋದು ಬೇರೆ ಮಾತು.

ಉಪ್ಪುನೀರು
ತೆಗೆಸಲೇಬೇಕು ಅಂತೀನಿ. ಸಂಬಳ ಕೊಡೋದು ಕಂಪನಿ ಕೆಲಸ. ಟಿಕೆಟ್ ಬೆಲೆ ಕಡಿಮೆ ಕಾಣಿಸಲಿ ಅಂತ ಸಂಬಳದ ಭಾಗವನ್ನೇ ‘ಟಿಪ್ಸ್’ ಅಂತ ಹೆಸರಿಟ್ಟು ನಮ್ಮ ತಲೆಗೆ ಕಟ್ಟೋದು ಯಾವ ನ್ಯಾಯ? ಆ 296 ಡಾಲರ್ ತೆಗೆಸಿ, ರೂಮ್ ಹುಡುಗನಿಗೆ 60, ವೇಟರಿಗೆ 40 ಕೈಯಲ್ಲೇ ಕೊಟ್ಟರೆ ಅವರಿಗೂ ಲಾಭ, ನಮಗೂ ಲಾಭ.

ಪಣಂಬೂರು ಅಲೆ
ಮೊದಲ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ, ಎರಡನೆಯ ಅರ್ಧ ಲೆಕ್ಕಕ್ಕೆ ನಿಲ್ಲೋದಿಲ್ಲ.

ಅದು ಸಂಬಳದ ಭಾಗ ಅನ್ನೋದು ನಿಜ. ಎಷ್ಟೋ ಕಂಪನಿಗಳ ಕರಾರಿನಲ್ಲಿ ಕ್ಯಾಬಿನ್ ಸ್ಟೂವರ್ಡಿಗೆ ಮೂಲ ವೇತನ ಸಣ್ಣದು, ತಿಂಗಳ ಗಳಿಕೆಯ ದೊಡ್ಡ ಪಾಲು ಈ ಗ್ರ್ಯಾಚುಟಿ ನಿಧಿಯಿಂದಲೇ ಬರೋದು. ಹಾಗಾಗಿ ತೆಗೆಸಿದಾಗ ಪೆಟ್ಟು ಬೀಳೋದು ಕಂಪನಿಗಲ್ಲ, ನಿಧಿಗೆ. ನೀವು 60 ಕೊಟ್ಟ ಹುಡುಗನಿಗೆ ನಷ್ಟ ಆಗದೇ ಇರಬಹುದು. ಆದರೆ ಅವನು ಹಾಸಿದ ಚಾದರ ಒಗೆದವನು ನೀರಿನ ಮಟ್ಟದ ಕೆಳಗಿನ ಲಾಂಡ್ರಿಯಲ್ಲಿರ್ತಾನೆ, ನಿಮ್ಮ ಕಣ್ಣಿಗೇ ಬೀಳೋದಿಲ್ಲ. ಮದುವೆಮನೆಯಲ್ಲಿ ಬಡಿಸಿದವರ ಕೈಗೆ ದುಡ್ಡಿಟ್ಟು ಅಡುಗೆಭಟ್ಟರನ್ನ ಬರಿಗೈಲಿ ಕಳಿಸಿದ ಹಾಗೆ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರೋದಿಲ್ಲ. ಕೆಲವು ಕಂಪನಿಗಳಲ್ಲಿ ಪ್ರಯಾಣಿಕರು ದಿನದ ಗ್ರ್ಯಾಚುಟಿ ತೆಗೆಸಿದ್ದರೆ, ಆ ಕ್ಯಾಬಿನ್ನಿನವರು ಕೈಯಲ್ಲಿ ಕೊಟ್ಟ ನಗದನ್ನು ಸಿಬ್ಬಂದಿ ನಿಧಿಗೆ ಒಪ್ಪಿಸಬೇಕು ಅನ್ನೋ ನಿಯಮ ಇದೆ. ತೆಗೆಸದೇ ಇದ್ದರೆ ಕೈಗೆ ಕೊಟ್ಟಿದ್ದು ಅವರದ್ದೇ. ಅಂದರೆ ‘ತೆಗೆಸಿ ನೇರವಾಗಿ ಕೊಡ್ತೀನಿ’ ಅನ್ನೋ ಉಪಾಯದಲ್ಲಿ ಆ ಹುಡುಗನಿಗೇ ದಕ್ಕದೇ ಹೋಗಬಹುದು.

ಉಪ್ಪುನೀರು
ಹಾಗಿದ್ರೆ ಟಿಕೆಟ್ಟಿಗೇ ಸೇರಿಸಿಬಿಡಲಿ. ಯಾರಾದರೂ ಹಾಗೆ ಮಾಡ್ತಾರಾ?

ಕಡಲದಾರಿ
ಮಾಡ್ತಾರೆ. ಬ್ರಿಟನ್ನಿನ ಪಿ ಆಂಡ್ ಓ ಕ್ರೂಸಸ್ 2019ರ ಮೇ ತಿಂಗಳಿಂದ ದಿನದ ಟಿಪ್ಸ್ ನಿಲ್ಲಿಸಿ ದರದಲ್ಲೇ ಸೇರಿಸಿತು. ರೀಜೆಂಟ್, ಸೀಬೋರ್ನ್, ಸಿಲ್ವರ್‌ಸೀ ಥರದ ದುಬಾರಿ ಹಡಗುಗಳಲ್ಲಿ ಟಿಕೆಟ್ಟಿನಲ್ಲೇ ಇರುತ್ತೆ. ಅಮೆರಿಕದ ಜನಸಾಮಾನ್ಯರ ಹಡಗುಗಳು ಮಾತ್ರ ಹೀಗೆ. ಅಲ್ಲಿ ಜಾಹೀರಾತಿನ ಬೆಲೆ ಹತ್ತು ಡಾಲರ್ ಹೆಚ್ಚಾದರೂ ಗಿರಾಕಿ ಪಕ್ಕದ ಹಡಗಿಗೆ ಹೋಗ್ತಾನೆ.

ಮೊದಲು ಇದು ಲಕೋಟೆ ಪದ್ಧತಿ. ಕೊನೆ ರಾತ್ರಿ ಸ್ಟೂವರ್ಡಿಗೊಂದು, ವೇಟರಿಗೊಂದು, ಸಹಾಯಕ ವೇಟರಿಗೊಂದು, ಹೆಡ್ ವೇಟರಿಗೊಂದು. ಪ್ರತಿ ರಾತ್ರಿ ಅದೇ ಮೇಜು, ಅದೇ ವೇಟರ್ ಇದ್ದಾಗ ಅದು ನಡೀತಿತ್ತು. 2000ದಲ್ಲಿ ನಾರ್ವೇಜಿಯನ್ ‘ಎಲ್ಲಿ ಬೇಕೋ ಅಲ್ಲಿ, ಯಾವಾಗ ಬೇಕೋ ಆಗ ಉಣ್ಣಿ’ ಅನ್ನೋ ಫ್ರೀಸ್ಟೈಲ್ ತಂದ ಮೇಲೆ ಯಾರಿಗೆ ಲಕೋಟೆ ಕೊಡೋದು ಅನ್ನೋದೇ ಸಮಸ್ಯೆ ಆಯ್ತು. ಹಾಗೆ ಖಾತೆಗೆ ಹಾಕೋ ಪದ್ಧತಿ ಹರಡಿತು. ರಾಯಲ್ ಕೆರಿಬಿಯನ್ 2013ರ ಮಾರ್ಚಿನಲ್ಲಿ ತಾನಾಗಿ ಕಟ್ ಆಗೋ ಹಾಗೆ ಮಾಡಿತು.

ಲೆಕ್ಕದ ಬುಕ್ಕು
ತುಂಗಾತೀರ ಅವರೇ, ಈ 296 ಡಾಲರ್ ಯಾವಾಗ, ಹೇಗೆ ಕಟ್ಟೋದು ಅನ್ನೋದರಲ್ಲೂ ಉಳಿತಾಯ ಇದೆ, ತಾಪತ್ರಯವೂ ಇದೆ.

ಮುಂಗಡವಾಗಿ ಕಟ್ಟೋ ಆಯ್ಕೆ ಇರುತ್ತೆ, ‘ಪ್ರೀಪೇಯ್ಡ್ ಗ್ರ್ಯಾಚುಟಿ’ ಅಂತ. ಹಡಗು ಹೊರಡೋ ಕೆಲವು ದಿನ ಮೊದಲು ಈ ಆಯ್ಕೆ ಮುಚ್ಚುತ್ತೆ. ದರ ಏರಿಸೋವಾಗ ಕಂಪನಿಗಳು ಸಾಮಾನ್ಯವಾಗಿ ಒಂದು ತಾರೀಖು ಹೇಳ್ತವೆ, ಅದಕ್ಕೆ ಮುಂಚೆ ಕಟ್ಟಿದವರಿಗೆ ಹಳೇ ದರ. ಆರು ತಿಂಗಳ ಮುಂಚೆ ಬುಕ್ ಮಾಡಿದವರು ಹೀಗೆ ಕಟ್ಟಿಬಿಡೋದು ಒಳ್ಳೇದು. ಹಡಗಿನಲ್ಲಿ ಕೊನೆಗೆ ಬಿಲ್ಲು ನೋಡಿ ಎದೆ ಝಲ್ ಅನ್ನೋದೂ ತಪ್ಪುತ್ತೆ.

ಏಜೆಂಟ್ ‘ಗ್ರ್ಯಾಚುಟಿ ಕಟ್ಟಿಬಿಟ್ಟಿದ್ದೀವಿ’ ಅಂದರೆ ಬಾಯಿಮಾತು ನಂಬಬೇಡಿ. ಅವರಿಂದ ಕಂಪನಿಯ ಬುಕಿಂಗ್ ನಂಬರ್ ಇಸ್ಕೊಳ್ಳಿ (ಏಜೆನ್ಸಿಯ ವೋಚರ್ ನಂಬರ್ ಅಲ್ಲ). ಹಡಗಿನ ಆ್ಯಪಿಗೆ ಹಾಕಿ, ಇನ್ವಾಯ್ಸಿನಲ್ಲಿ ಗ್ರ್ಯಾಚುಟಿ ಸಾಲು ನಾಲ್ಕೂ ಹೆಸರಿನ ಮುಂದೆ ಇದೆಯಾ ನೋಡಿ. ಗ್ರೂಪ್ ಟೂರುಗಳಲ್ಲಿ ‘ಟಿಪ್ಸ್ ತಲೆಗೆ ದಿನಕ್ಕೆ 5 ಡಾಲರ್’ ಅಂತ ವಸೂಲಿ ಮಾಡೋದು ಬಹಳ ಸಲ ಟೂರ್ ಮ್ಯಾನೇಜರ್, ಬಸ್ ಡ್ರೈವರ್, ಗೈಡ್‌ಗೆ. ಹಡಗಿನದ್ದು ಅದರಲ್ಲಿ ಇರೋದಿಲ್ಲ. ಯಾವುದಕ್ಕೆ ಅಂತ ಬರವಣಿಗೆಯಲ್ಲಿ ಕೇಳಿ, ಇಲ್ಲದಿದ್ರೆ ಎರಡು ಸಲ ಕಟ್ಟಿದ್ದೀವಿ ಅಂತ ಹಡಗಿನ ಕೌಂಟರಿನಲ್ಲಿ ಜಗಳ.

ಹಡಗಿನ ಖಾತೆಗೆ ಕಾರ್ಡ್ ಕೊಡುವಾಗ ಕ್ರೆಡಿಟ್ ಕಾರ್ಡೇ ಕೊಡಿ. ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡು, ಡೆಬಿಟ್ ಕಾರ್ಡು ಕೊಟ್ಟರೆ ಹಡಗಿನವರು ದಿನಾ ಒಂದಿಷ್ಟು ಮೊತ್ತ ತಡೆಹಿಡೀತಾರೆ. ಕೊನೆಗೆ ನಿಜವಾದ ಬಿಲ್ಲು ಕಟ್ ಆದ ಮೇಲೂ ಹಿಂದಿನ ತಡೆಗಳು ಬಿಡುಗಡೆ ಆಗೋಕೆ ವಾರಗಟ್ಟಲೆ ಹಿಡಿಯಬಹುದು. ಇಳಿದ ಮೇಲೆ ಸಿಂಗಪುರದಲ್ಲಿ ಎರಡು ದಿನ ಇರೋ ಪ್ಲಾನ್ ಇದ್ದರೆ ಕಾರ್ಡ್‌ನಲ್ಲಿ ದುಡ್ಡಿದ್ದೂ ಇಲ್ಲದ ಹಾಗಾಗುತ್ತೆ. ಹೊರಡೋ ಮುಂಚೆ ಬ್ಯಾಂಕ್ ಆ್ಯಪಿನಲ್ಲಿ ಅಂತಾರಾಷ್ಟ್ರೀಯ ವಹಿವಾಟು ಆನ್ ಮಾಡಿ. 2020ರ ಆರ್‌ಬಿಐ ನಿಯಮದ ಮೇಲೆ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತೆ. ನಡುಸಮುದ್ರದಲ್ಲಿ ಆನ್ ಮಾಡೋಕೆ ಹೋದರೆ ಒಟಿಪಿ ಬರಲ್ಲ. ಅಲ್ಲಿ ರೋಮಿಂಗ್ ಹಿಡಿದರೂ ಅದು ಹಡಗಿನ ನೆಟ್‌ವರ್ಕ್, ಅದರ ಬಿಲ್ಲೇ ಇನ್ನೊಂದು ಕಥೆ.

ಕಾರ್ಡ್ ಬೇಡ ಅಂದ್ರೆ ಮೊದಲ ದಿನ ಕೌಂಟರಿನಲ್ಲಿ ನಗದು ಠೇವಣಿ ಇಡಬಹುದು, ಮಿಕ್ಕಿದ್ದು ಕೊನೇಲಿ ವಾಪಸ್.

ತುಂಗಾತೀರ
ಬಹಳ ಉಪಯೋಗ ಆಯ್ತು. ಈಗ ಕೈಗೆ ಕೊಡೋದರ ಬಗ್ಗೆ ಹೇಳಿ. ಬಿಲ್ಲಲ್ಲಿ ಕಟ್ಟಿದ ಮೇಲೂ ಕೊಡದಿದ್ರೆ ಮುಖ ಸಿಂಡರಿಸ್ತಾರಾ?

ಚಾದರ ಮಡಿಕೆ
ಇಲ್ಲ. ಹಡಗಿನಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಯಾಬಿನ್ನುಗಳು ಏನೂ ಕೊಡದೇ ಇಳಿದರೂ ಅವರು ನಗುನಗ್ತಾನೇ ಕಳಿಸ್ತಾರೆ. ಅದು ಅವರ ತರಬೇತಿ. ನಿಮ್ಮ ಕೆಲಸ ಎಷ್ಟಿತ್ತು ಅನ್ನೋದರ ಮೇಲೆ ನೀವೇ ನಿರ್ಧರಿಸಿ.

ಕೆಲಸ ಏನು ಅಂತ ನೋಡಿ. ಒಬ್ಬ ಸ್ಟೂವರ್ಡಿನ ಪಾಲಿಗೆ ಹಡಗು, ಕ್ಯಾಬಿನ್ ದರ್ಜೆ ನೋಡಿಕೊಂಡು ಹದಿನೈದು ಇಪ್ಪತ್ತು ಕ್ಯಾಬಿನ್, ಕೆಲವು ಕಡೆ ಇನ್ನೂ ಹೆಚ್ಚು. ಇಬ್ಬರೇ ಇರೋ ಕ್ಯಾಬಿನ್ನಿನಲ್ಲಿ ಒಂದು ಹಾಸಿಗೆ, ನಾಲ್ಕು ಟವೆಲ್. ನಿಮ್ಮ ಥರ ನಾಲ್ಕು ಜನ ಇದ್ದರೆ ಸೋಫಾ ಹಾಸಿಗೆ ಬಿಚ್ಚಬೇಕು, ಚಾವಣಿಯಿಂದ ಇಳಿಯೋ ಮೇಲ್ಹಾಸಿಗೆ ಕೀಲಿ ಹಾಕಿ ಇಳಿಸಬೇಕು, ಏಣಿ ಸಿಕ್ಕಿಸಬೇಕು, ಕೂಸಿನ ತೊಟ್ಟಿಲು ತಂದಿಡಬೇಕು. ಬೆಳಗ್ಗೆ ಅದನ್ನೆಲ್ಲ ಮತ್ತೆ ಮಡಚಿ ನಡೆದಾಡೋಕೆ ಜಾಗ ಮಾಡಬೇಕು. 180 ಚದರಡಿ ಜಾಗದಲ್ಲಿ ನಾಲ್ಕು ಸೂಟ್‌ಕೇಸ್ ಹರವಿಟ್ಟಿದ್ದರೆ ಏಣಿ ಇಡೋಕೇ ನೆಲ ಕಾಣಲ್ಲ. ಸೂಟ್‌ಕೇಸುಗಳು ಮಂಚದ ಅಡಿಗೆ ಹೋಗುತ್ತವೆ, ಬಹಳ ಜನಕ್ಕೆ ಗೊತ್ತಿಲ್ಲ. ಅಷ್ಟು ಮಾಡಿದರೆ ಅದೇ ಅರ್ಧ ಟಿಪ್ಸ್.

ನಮ್ಮವರ ಕ್ಯಾಬಿನ್ನುಗಳಲ್ಲಿ ವಿಶೇಷವಾಗಿ ಕೆಲಸ ಹೆಚ್ಚಿಸೋದು ಮೆಹಂದಿ, ಅರಿಶಿನ, ತಲೆಗೆ ಹಚ್ಚಿದ ಎಣ್ಣೆ. ಮದುವೆ ಗ್ರೂಪುಗಳು ಹೋದಾಗ ಬಿಳಿ ದಿಂಬಿನ ಹೊದಿಕೆ ಮೇಲೆ ಮೆಹಂದಿ ಕಲೆ ಕೂತರೆ ಅದು ಲಾಂಡ್ರಿಯಲ್ಲಿ ಹೋಗಲ್ಲ, ಬಟ್ಟೆಯನ್ನೇ ಬಿಸಾಡೋದು. ಎಣ್ಣೆ ಹಚ್ಚೋದಾದ್ರೆ ಒಂದು ಹಳೇ ಟವೆಲ್ ಮನೆಯಿಂದ ಒಯ್ದು ದಿಂಬಿಗೆ ಹಾಸಿ. ಊದುಬತ್ತಿ, ದೀಪ ಹಚ್ಚೋ ಹಾಗಿಲ್ಲ, ಹೊಗೆ ಪತ್ತೆ ಯಂತ್ರ ಕೂಗಿದರೆ ಮೊದಲು ಓಡಿ ಬರೋರಲ್ಲಿ ಅದೇ ಸ್ಟೂವರ್ಡ್ ಇರ್ತಾನೆ. ಮನೆಯಿಂದ ತಂದ ಕೆಟಲ್, ಇಸ್ತ್ರಿಪೆಟ್ಟಿಗೆ ಹತ್ತುವಾಗಲೇ ಜಪ್ತಿ. ಬಿಸಿನೀರು ಬೇಕಿದ್ದರೆ ಫ್ಲಾಸ್ಕ್ ಒಯ್ದು ಬಫೆಯಲ್ಲಿ ತುಂಬಿಸಿಕೊಳ್ಳಿ.

ಕಡಲದಾರಿ
ಮೊತ್ತಕ್ಕೆ ಬರೋಣ. ದಿನದ ಗ್ರ್ಯಾಚುಟಿ ಕಟ್ಟಿದವರು ಮೇಲಿಂದ ಕೊಡೋದಾದರೆ ಕ್ಯಾಬಿನ್ನಿಗೆ (ತಲೆಗಲ್ಲ) ದಿನಕ್ಕೆ 2ರಿಂದ 5 ಡಾಲರ್ ಅನ್ನೋದು ರೂಢಿ. ಇಬ್ಬರು, ನಾಲ್ಕು ರಾತ್ರಿ, ಸಾಮಾನ್ಯ ಸೇವೆ ಅಂದರೆ 10 ಡಾಲರ್ ಸಾಕು. ನಿಮ್ಮ ಹಾಗೆ ನಾಲ್ಕು ಜನ, ತೊಟ್ಟಿಲು, ಮೇಲ್ಹಾಸಿಗೆ ಇದ್ದರೆ 20. ಏಳು ರಾತ್ರಿಗೆ 15ರಿಂದ 35. ಇದಕ್ಕಿಂತ ಹೆಚ್ಚು ಕೊಡೋರಿದ್ದಾರೆ, ಕೊಡಲೇಬೇಕು ಅಂತಿಲ್ಲ.

ಸಹಾಯಕ ಇದ್ದರೆ ವಿಚಾರಿಸಿ. ಕೆಲವು ಹಡಗುಗಳಲ್ಲಿ ಸ್ಟೂವರ್ಡಿನ ಜತೆ ಜೂನಿಯರ್ ಒಬ್ಬ ಇರ್ತಾನೆ, ಸ್ನಾನದಮನೆ ಉಜ್ಜೋದು ಹೆಚ್ಚಾಗಿ ಅವನೇ. ಒಂದೇ ನೋಟು ಸೀನಿಯರ್ ಕೈಗಿಟ್ಟು ‘ಹಂಚ್ಕೊಳ್ಳಿ’ ಅನ್ನೋದಕ್ಕಿಂತ ಎರಡು ನೋಟು ಮಾಡಿ ಬೇರೆ ಬೇರೆ ಕೊಡೋದು ಚೆನ್ನ.

ಉಪ್ಪುನೀರು
ಮೊದಲ ದಿನವೇ ಕೊಟ್ಟರೆ ಚೆನ್ನಾಗಿ ನೋಡ್ಕೋತಾರೆ ಅಂತಾರಲ್ಲ?

ಪಣಂಬೂರು ಅಲೆ
ಅದರಲ್ಲಿ ಅರ್ಧ ಸತ್ಯ ಇದೆ. ವಿಶೇಷ ಬೇಡಿಕೆ ಇದ್ದಾಗ (ತೊಟ್ಟಿಲು, ದಿನಾ ಎರಡು ಬಕೆಟ್ ಐಸ್, ಔಷಧಿಗೆ ಫ್ರಿಜ್ ಖಾಲಿ ಮಾಡೋದು, ಮಂಚ ಬೇರೆ ಮಾಡೋದು) ಮೊದಲ ಮಧ್ಯಾಹ್ನ ಪರಿಚಯ ಮಾಡಿಕೊಳ್ಳೋಕೆ ಬಂದಾಗಲೇ ಎಲ್ಲವನ್ನೂ ಒಟ್ಟಿಗೆ ಹೇಳಿ, ಬೇಕಾದರೆ ಐದು ಡಾಲರ್ ಕೊಡಿ. ಇಲ್ಲಿ ಕೆಲಸ ಮಾಡೋದು ದುಡ್ಡಿಗಿಂತ ಹೆಚ್ಚಾಗಿ ‘ಒಟ್ಟಿಗೆ ಹೇಳೋದು’. ದಿನಕ್ಕೆ ಐದು ಸಲ ಫೋನ್ ಮಾಡಿ ಒಂದೊಂದೇ ಕೇಳಿದರೆ ಆ ಉದ್ದ ಕಾರಿಡಾರಿನಲ್ಲಿ ಐದು ಸಲ ಓಡಾಟ.

ಸ್ಟೂವರ್ಡ್ ಯಾವಾಗ ಸಿಗ್ತಾನೆ ಅನ್ನೋದೂ ಗೊತ್ತಿರಲಿ. ಸಾಗರ ಕಾರ್ಮಿಕರ ಒಪ್ಪಂದ, ಅಂದರೆ ಎಂಎಲ್‌ಸಿ 2006, ಜಾರಿಗೆ ಬಂದಿದ್ದು 2013ರಲ್ಲಿ. ಭಾರತ ಅದಕ್ಕೆ ಅಂಗೀಕಾರ ಕೊಟ್ಟಿದ್ದು 2015ರಲ್ಲಿ. ಅದರ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ. ಅದನ್ನ ಎರಡಕ್ಕಿಂತ ಹೆಚ್ಚು ತುಂಡು ಮಾಡೋ ಹಾಗಿಲ್ಲ, ಎರಡರಲ್ಲಿ ಒಂದು ತುಂಡಾದರೂ ಕನಿಷ್ಠ ಆರು ಗಂಟೆ ಇರಬೇಕು. ಹಾಗಾಗಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮಲಗಿ ಸಂಜೆ ಮತ್ತೆ ಬರೋ ಕ್ರಮ. ಮಧ್ಯಾಹ್ನ ಮೂರಕ್ಕೆ ‘ನಮ್ಮ ಹುಡುಗ ಎಲ್ಲಿ’ ಅಂತ ದೂರು ಕೊಡೋರು ಇದನ್ನ ತಿಳಿದಿರಬೇಕು. ಆ ಹೊತ್ತಿಗೆ ಟವೆಲ್ ಬೇಕಾದರೆ ಹೌಸ್‌ಕೀಪಿಂಗಿಗೆ ಫೋನ್ ಮಾಡಿ, ಬೇರೆಯವರು ತಂದ್ಕೊಡ್ತಾರೆ.

2023ರ ಶುರುವಿನಲ್ಲಿ ರಾಯಲ್, ನಾರ್ವೇಜಿಯನ್ ಎರಡೂ ಸಾಮಾನ್ಯ ಕ್ಯಾಬಿನ್ನುಗಳಲ್ಲಿ ದಿನಕ್ಕೆ ಎರಡು ಸಲ ಇದ್ದ ಸೇವೆಯನ್ನ ಒಂದಕ್ಕೆ ಇಳಿಸಿದವು. ರಾಯಲ್‌ನಲ್ಲಿ ಬೆಳಗ್ಗೆ ಬೇಕಾ, ಸಂಜೆ ಬೇಕಾ ಅಂತ ಕೇಳ್ತಾರೆ. ಸೇವೆ ಅರ್ಧ ಆಯ್ತು, ದಿನದ ದರ ಮಾತ್ರ ಏರಿತು ಅಂತ ಪ್ರಯಾಣಿಕರು ಗೊಣಗೋದು ನ್ಯಾಯವೇ. ಆದರೆ ಅದರಿಂದ ಸ್ಟೂವರ್ಡಿನ ಕೆಲಸ ಅರ್ಧ ಆಯ್ತು ಅಂತ ತಿಳೀಬೇಡಿ, ಉಳಿದ ಹೊತ್ತಿಗೆ ಇನ್ನಷ್ಟು ಕ್ಯಾಬಿನ್ ಸೇರಿಸಿ ಕೊಟ್ಟಿರ್ತಾರೆ. ಕೂಸು ಇರೋರಿಗೆ ಬೆಳಗಿನದ್ದೇ ಒಳ್ಳೇದು. ರಾತ್ರಿಯ ಡೈಪರ್ ಬುಟ್ಟಿ ಬೆಳಗ್ಗೆಯೇ ಹೊರಗೆ ಹೋಗುತ್ತೆ, ಸಂಜೆ ಮಗು ಮಲಗಿದಾಗ ಬಾಗಿಲು ಬಡಿಯೋ ಪ್ರಸಂಗವೂ ಇರಲ್ಲ.

ತುಂಗಾತೀರ
ಕೊನೇ ದಿನ ಬೆಳಗ್ಗೆ ಮೇಜಿನ ಮೇಲೆ ಇಟ್ಟು ಬಂದರೆ ನಡೆಯುತ್ತಾ?

ಚಾದರ ಮಡಿಕೆ
ಅಲ್ಲೇ ಹೆಚ್ಚು ಜನ ಎಡವೋದು. ಮೂರು ಕಾರಣ.

ಒಂದು, ಇಳಿಯೋ ಬೆಳಗ್ಗೆ ಹಡಗಿನ ಅತಿ ಗಡಿಬಿಡಿ ಹೊತ್ತು. ಎಂಟು, ಎಂಟೂವರೆಗೆ ಕ್ಯಾಬಿನ್ ಖಾಲಿ ಮಾಡಿಸಿ, ಮಧ್ಯಾಹ್ನ ಒಂದು ಒಂದೂವರೆಯೊಳಗೆ ಅಷ್ಟೂ ಕ್ಯಾಬಿನ್ ಹೊಸಬರಿಗೆ ತಯಾರಾಗಬೇಕು. ನಿಮ್ಮ ಕ್ಯಾಬಿನ್ನಿಗೆ ಮೊದಲು ನುಗ್ಗೋದು ಚಾದರ ಕಿತ್ತು ಚೀಲಕ್ಕೆ ತುಂಬೋ ಬೇರೆ ಯಾರೋ ಇರಬಹುದು.

ಎರಡು, ಚೀಟಿ ಇಲ್ಲದ ಬಿಡಿನೋಟು ಮೇಜಿನ ಮೇಲಿದ್ದರೆ ಪ್ರಾಮಾಣಿಕ ಸ್ಟೂವರ್ಡ್ ಅದನ್ನ ಮುಟ್ಟೋಕೆ ಹಿಂಜರೀತಾನೆ. ಪ್ರಯಾಣಿಕರ ದುಡ್ಡು ಎತ್ತಿಕೊಂಡ ಅನ್ನೋ ದೂರು ಬಂದರೆ ಕೆಲಸಕ್ಕೇ ಕುತ್ತು ಬರಬಹುದು. ದಿಂಬಿನ ಕೆಳಗೆ ಇಟ್ಟರಂತೂ ಅದು ಚಾದರದ ಜತೆ ಸುತ್ತಿಕೊಂಡು ಲಾಂಡ್ರಿಗೆ ಹೋಗುತ್ತೆ.

ಮೂರು, ಅವತ್ತು ಅವನು ನಿಮ್ಮನ್ನ ಮಾತಾಡಿಸೋಕೂ ಪುರುಸೊತ್ತಿರಲ್ಲ.

ಕೊನೇ ರಾತ್ರಿ ಸೂಟ್‌ಕೇಸಿಗೆ ಬಣ್ಣದ ಟ್ಯಾಗ್ ಕಟ್ಟಿ ಹತ್ತು ಹನ್ನೊಂದರೊಳಗೆ ಬಾಗಿಲ ಹೊರಗಿಡೋಕೆ ಹೇಳ್ತಾರಲ್ಲ, ಆ ಸಂಜೆ ಸ್ಟೂವರ್ಡ್ ಕಾರಿಡಾರಿನಲ್ಲೇ ಓಡಾಡ್ತಾ ಇರ್ತಾನೆ. ಆಗ ಲಕೋಟೆ ಕೈಗಿಡಿ. ಲಕೋಟೆ ಗೆಸ್ಟ್ ಸರ್ವಿಸ್‌ನಲ್ಲಿ ಕೇಳಿದರೆ ಪುಕ್ಕಟೆ, ಸಿಗದಿದ್ದರೆ ಕ್ಯಾಬಿನ್ನಿನ ಬರೆಯೋ ಕಾಗದ ಮಡಚಿದರೂ ಸರಿ. ಮೇಲೆ ಅವನ ಹೆಸರು, ನಿಮ್ಮ ಕ್ಯಾಬಿನ್ ನಂಬರ್, ‘ಥ್ಯಾಂಕ್ ಯೂ’. ಹೆಸರಿನ ಕಾಗುಣಿತವನ್ನ ಎದೆಯ ಬ್ಯಾಡ್ಜ್ ನೋಡಿ ಬರೆದುಕೊಳ್ಳಿ. ಸಿಗಲೇ ಇಲ್ಲ ಅಂದ್ರೆ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ಮುಚ್ಚಿದ ಲಕೋಟೆ ಕೊಟ್ಟರೆ ತಲುಪಿಸ್ತಾರೆ.

ಲೆಕ್ಕದ ಬುಕ್ಕು
ನೋಟಿನ ಬಗ್ಗೆ ಹೇಳೋದಿದೆ. ರಾಯಲ್ ಸಿಂಗಪುರದಿಂದ ಹೊರಟರೂ ಹಡಗಿನೊಳಗಿನ ಲೆಕ್ಕ ಅಮೆರಿಕನ್ ಡಾಲರಿನಲ್ಲೇ. ಬೆಂಗಳೂರಿನ ಫಾರೆಕ್ಸ್ ಅಂಗಡಿಗಳಲ್ಲಿ ಸುಮ್ಮನೆ ಕೇಳಿದರೆ ನೂರರ ನೋಟೇ ಕೊಡೋದು. ‘ಐದು, ಹತ್ತು, ಇಪ್ಪತ್ತು ಬೇಕು’ ಅಂತ ಒಂದೆರಡು ದಿನ ಮುಂಚೆ ಹೇಳಿಟ್ಟರೆ ತರಿಸಿಕೊಡ್ತಾರೆ. ನಾಲ್ಕು ರಾತ್ರಿಗೆ ಐದರ ನಾಲ್ಕು, ಹತ್ತರ ಎರಡು, ಒಂದು ಡಾಲರಿನ ಹತ್ತು ನೋಟು ಇದ್ದರೆ ಎಲ್ಲ ನಡೆದುಹೋಗುತ್ತೆ. ಹಡಗಿನಲ್ಲೇ ಚಿಲ್ಲರೆ ಮಾಡಿಸ್ತೀನಿ ಅಂದರೆ ಎರಡನೇ ದಿನ ಊಟದ ಹೊತ್ತಿಗೆ ಹೋಗಿ. ಕೊನೇ ರಾತ್ರಿ ಅಲ್ಲಿ ಮಾರುದ್ದ ಸಾಲು, ಸಣ್ಣ ನೋಟು ಖಾಲಿ.

ನಾಣ್ಯ ಕೊಡಬೇಡಿ, ಎಷ್ಟೇ ಇರಲಿ. ಸಿಬ್ಬಂದಿ ಇಂಡೋನೇಷ್ಯಾ, ಫಿಲಿಪೀನ್ಸ್, ಭಾರತ, ನೇಪಾಳ ಹೀಗೆ ನಾನಾ ಕಡೆಯವರು. ಪರದೇಶದ ನಾಣ್ಯವನ್ನ ಅವರ ಊರಿನ ಯಾವ ವಿನಿಮಯ ಅಂಗಡಿಯೂ ತಗೊಳ್ಳಲ್ಲ. ಸಿಂಗಪುರದ ಒಂದು ಡಾಲರ್ ನಾಣ್ಯ, ಅತಿ ಸಣ್ಣ ನೋಟು ಎರಡರದ್ದು. ಯೂರೋದಲ್ಲಿ ಅತಿ ಸಣ್ಣ ನೋಟು ಐದರದ್ದು. ಹಾಗಾಗಿ ಮೆಡಿಟರೇನಿಯನ್ ಕಡೆ ಹೋಗೋರು ಐದರ ಲೆಕ್ಕದಲ್ಲೇ ಯೋಚಿಸಿ.

ನೋಟು ಹೊಸದಾಗಿರಲಿ. ಇಂಡೋನೇಷ್ಯಾದ ವಿನಿಮಯದವರು ಡಾಲರ್ ನೋಟಿನಲ್ಲಿ ಮಡಿಕೆ, ಪೆನ್ನಿನ ಗೀರು, ಸೀಲಿನ ಗುರುತು ಇದ್ದರೆ ಬೇಡ ಅಂತಾರೆ, ಇಲ್ಲ ಕಡಿಮೆ ಕೊಡ್ತಾರೆ. ನಮ್ಮಲ್ಲಿ ನೋಟಿನ ಮೇಲೆ ಸಂಖ್ಯೆ ಬರೆಯೋ ಚಾಳಿ ಇದೆಯಲ್ಲ, ಅದನ್ನ ಡಾಲರಿಗೆ ತೋರಿಸಬೇಡಿ.

ಅರಬ್ಬಿ ಅಂಚು
ರೂಪಾಯಿ ಕೊಟ್ಟರೆ? ಸ್ಟೂವರ್ಡ್ ಗೋವಾದವನೋ ಮಂಗಳೂರಿನವನೋ ಆಗಿದ್ದರೆ?

ಪಣಂಬೂರು ಅಲೆ
ಕರಾವಳಿಯಿಂದ, ಗೋವಾದಿಂದ ಹಡಗಿನ ಹೌಸ್‌ಕೀಪಿಂಗಿಗೆ, ಅಡುಗೆಮನೆಗೆ ಹೋದವರು ಬಹಳ ಜನ ಇದ್ದಾರೆ. ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ ದೇಶದ ಹೆಸರೂ ಇರುತ್ತೆ. ತುಳುವೋ ಕನ್ನಡವೋ ಕೊಂಕಣಿಯೋ ಮಾತಾಡಿಸಿ ನೋಡಿ, ಖುಷಿಪಡ್ತಾರೆ. ಆದರೆ ಕರಾರು ಆರರಿಂದ ಒಂಬತ್ತು ತಿಂಗಳು. ಅಲ್ಲಿಯವರೆಗೆ ಆ ರೂಪಾಯಿ ಲಾಕರಿನಲ್ಲಿ ಕೂತಿರುತ್ತೆ. ಡಾಲರ್ ಆದರೆ ಅವರು ಬಂದರಿನಲ್ಲಿ ಇಳಿದ ದಿನವೇ ಸಿಮ್ಮಿಗೋ ಊಟಕ್ಕೋ ಬಳಸಬಹುದು. ಡಾಲರೇ ಮೇಲು.

ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗೋ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗಿನಲ್ಲಿ ಮಾತ್ರ ರೂಪಾಯಿಯೇ ಸರಿ. ಅಲ್ಲೂ ಬುಕ್ ಮಾಡುವಾಗ ಕ್ಯಾಬಿನ್ ದರ, ಪೋರ್ಟ್ ಶುಲ್ಕ, ಗ್ರ್ಯಾಚುಟಿ, ಜಿಎಸ್‌ಟಿ ಸಾಲುಗಳನ್ನ ಬಿಡಿಬಿಡಿಯಾಗಿ ನೋಡಿ. ಕಣ್ಣಿಗೆ ಬೀಳೋ ದೊಡ್ಡಕ್ಷರದ ಬೆಲೆ ಮೊದಲ ಸಾಲಿನದ್ದು ಮಾತ್ರ.

ಅರಬ್ಬಿ ಅಂಚು
ಚಕ್ಕುಲಿ, ಮೈಸೂರುಪಾಕು ಕೊಡಬಹುದಾ? ದುಡ್ಡಿಗಿಂತ ಆತ್ಮೀಯ ಅನ್ಸುತ್ತೆ.

ಚಾದರ ಮಡಿಕೆ
ಜತೆಗೆ ಕೊಡಿ, ಬದಲಿಗೆ ಬೇಡ. ಅಂಗಡಿಯ ಸೀಲ್ ಇರೋ ಪೊಟ್ಟಣ ಆಗಿರಲಿ, ಮೇಲೆ ‘ಇಂಥವರಿಗೆ, ಇಂಥ ಕ್ಯಾಬಿನ್ನಿನಿಂದ’ ಅಂತ ಚೀಟಿ ಅಂಟಿಸಿ. ಸಿಬ್ಬಂದಿಯ ಕೋಣೆ ತಪಾಸಣೆ ಆದಾಗ ಪ್ರಯಾಣಿಕರ ವಸ್ತು ಇಲ್ಲಿ ಹೇಗೆ ಬಂತು ಅನ್ನೋ ಪ್ರಶ್ನೆಗೆ ಆ ಚೀಟಿಯೇ ಉತ್ತರ. ಬಿಚ್ಚಿದ ಡಬ್ಬಿ, ಉಳಿದ ಮದ್ಯದ ಬಾಟಲಿ, ಹಾಕಿಬಿಟ್ಟ ಬಟ್ಟೆ ಇವನ್ನ ‘ಇಟ್ಕೋ’ ಅಂತ ಬಿಟ್ಟು ಬರೋದು ಉಡುಗೊರೆ ಅಲ್ಲ, ಅವನ ತಲೆಗೆ ಇನ್ನೊಂದು ಕೆಲಸ.

ಕಡಲದಾರಿ
ಇನ್ನೂ ಕೆಲವು ಜಾಗ ಬಾಕಿ ಇವೆ, ಬೇಗ ಹೇಳ್ತೀನಿ. ಬಾರು, ಸ್ಪಾ, ಹಣ ಕೊಟ್ಟು ಹೋಗೋ ವಿಶೇಷ ರೆಸ್ಟೋರೆಂಟುಗಳಲ್ಲಿ ಬಿಲ್ಲಿನ ಮೇಲೆ ಬೇರೆಯೇ ಸೇವಾಶುಲ್ಕ ಬೀಳುತ್ತೆ. ರಾಯಲ್‌ನಲ್ಲಿ 18%, ನಾರ್ವೇಜಿಯನ್ನಿನಲ್ಲಿ 20%. ರಸೀದಿಯ ಕೆಳಗೆ ‘ಹೆಚ್ಚುವರಿ ಟಿಪ್’ ಅಂತ ಖಾಲಿ ಗೆರೆ ಇರುತ್ತೆ, ಅದಕ್ಕೊಂದು ಅಡ್ಡಗೆರೆ ಎಳೆದು ಸಹಿ ಮಾಡಿದರೆ ಯಾರೂ ಏನೂ ಅಂದುಕೊಳ್ಳಲ್ಲ. ಕ್ಯಾಬಿನ್ನಿಗೆ ತಿಂಡಿ ತಂದವರು ನಿಮ್ಮ ಸ್ಟೂವರ್ಡ್ ಅಲ್ಲ, ಅವರಿಗೆ ಒಂದೆರಡು ಡಾಲರ್ ಬಾಗಿಲಲ್ಲೇ. ನಾರ್ವೇಜಿಯನ್ನಿನ ಸ್ವೀಟುಗಳಲ್ಲಿ ಬಟ್ಲರ್ (ಖಾಸಗಿ ಸೇವಕ), ಕನ್ಸಿಯರ್ಜ್ (ಬೇಕಾದ ಏರ್ಪಾಡು ಮಾಡಿಕೊಡೋರು) ದಿನದ ಶುಲ್ಕದೊಳಗೆ ಬರೋದಿಲ್ಲ, ಅವರಿಗೆ ಬೇರೆ. ಅಮೆರಿಕದ ಬಂದರುಗಳಲ್ಲಿ ದಡದ ಮೇಲೆ ಲಗೇಜ್ ತಗೊಳ್ಳೋ ಪೋರ್ಟರುಗಳು ಹಡಗಿನವರೇ ಅಲ್ಲ, ಚೀಲಕ್ಕೆ ಒಂದೆರಡು ಡಾಲರ್. ಸಿಂಗಪುರದಲ್ಲಿ ಆ ರೂಢಿ ಇಲ್ಲ.

ಉಪ್ಪುನೀರು
ಸರಿ, ತೆಗೆಸೋದು ಬೇಡ ಅಂತಲೇ ಇಟ್ಕೊಳ್ಳೋಣ. ಸೇವೆ ನಿಜಕ್ಕೂ ಕೆಟ್ಟದಾಗಿದ್ದರೆ? ಮೂರು ದಿನ ಸ್ನಾನದಮನೆ ಒರೆಸಲೇ ಇಲ್ಲ ಅಂದ್ರೂ ಪೂರ್ತಿ ಕಟ್ಟಬೇಕಾ?

ಕಡಲದಾರಿ
ಬೇಡ. ಆದರೆ ಮೂರು ದಿನ ಕಾಯೋದೇ ತಪ್ಪು. ಮೊದಲ ಸಲ ಆದಾಗ ಸ್ಟೂವರ್ಡಿಗೇ ಹೇಳಿ, ಭಾಷೆಯ ತೊಡಕಿದ್ದರೆ ಸ್ನಾನದಮನೆಗೇ ಕರೆದುಕೊಂಡು ಹೋಗಿ ತೋರಿಸಿ. ಮಾರನೇ ದಿನವೂ ಹಾಗೇ ಇದ್ದರೆ ಹೌಸ್‌ಕೀಪಿಂಗ್ ಸೂಪರ್‌ವೈಸರ್, ಅವರ ಮೇಲೆ ಚೀಫ್ ಹೌಸ್‌ಕೀಪರ್, ಅವರ ಮೇಲೆ ಹೋಟೆಲ್ ಡೈರೆಕ್ಟರ್. ಗೆಸ್ಟ್ ಸರ್ವಿಸ್‌ನಲ್ಲಿ ‘ದಾಖಲು ಮಾಡಿಕೊಳ್ಳಿ’ ಅಂತ ಹೇಳಿ, ಫೋಟೋ ತೋರಿಸಿ. ಅಷ್ಟಾದರೂ ಸರಿಹೋಗದಿದ್ದರೆ ಆಗ ದಿನದ ಗ್ರ್ಯಾಚುಟಿ ಇಳಿಸೋಕೆ ಕೇಳಿ, ಇಳಿಯೋ ಮುಂಚೆಯೇ. ಮನೆಗೆ ಬಂದು ಇಮೇಲ್ ಮಾಡಿದರೆ ಆಗೋದಿಲ್ಲ ಅಂತಲೇ ಹೆಚ್ಚಿನ ಕಂಪನಿಗಳ ನಿಯಮ. ಎಸಿ ಕೆಟ್ಟಿತ್ತು, ಬಂದರು ರದ್ದಾಯ್ತು, ವೈಫೈ ನಿಧಾನ ಇವಕ್ಕೆಲ್ಲ ಸ್ಟೂವರ್ಡಿನ ದುಡ್ಡು ಕೀಳೋದು ಸರಿಯಲ್ಲ. ಅದಕ್ಕೆ ಕಂಪನಿಯಿಂದ ಪರಿಹಾರ ಕೇಳಿ. ಸಾಮಾನ್ಯವಾಗಿ ಹಡಗಿನಲ್ಲೇ ಖರ್ಚು ಮಾಡೋ ಕ್ರೆಡಿಟ್ ಕೊಡ್ತಾರೆ, ಅದು ಗ್ರ್ಯಾಚುಟಿ ಬಿಲ್ಲಿಗೂ ಹೊಂದಾಣಿಕೆ ಆಗುತ್ತೆ.

ಉಪ್ಪುನೀರು
ಆ ಕ್ರೆಡಿಟ್ ಗ್ರ್ಯಾಚುಟಿಗೆ ಹೊಂದುತ್ತೆ ಅನ್ನೋದು ಗೊತ್ತಿರಲಿಲ್ಲ. ಪದ್ಧತಿ ಸರಿ ಅಂತ ಮಾತ್ರ ಈಗಲೂ ಒಪ್ಪಲ್ಲ.

ಪಣಂಬೂರು ಅಲೆ
ಒಪ್ಪಬೇಡಿ, ಯಾರೂ ಒಪ್ಪಿ ಅಂದಿಲ್ಲ. ಕಂಪನಿ ಮೇಲಿನ ಸಿಟ್ಟನ್ನ ಕಂಪನಿಗೇ ಬರೆಯಿರಿ. ಪ್ರಯಾಣ ಮುಗಿದ ಒಂದೆರಡು ದಿನದಲ್ಲಿ ಸಮೀಕ್ಷೆಯ ಇಮೇಲ್ ಬರುತ್ತೆ. ಏಜೆಂಟ್ ತನ್ನದೇ ಇಮೇಲ್ ಐಡಿ ಹಾಕಿ ಬುಕ್ ಮಾಡಿದ್ದರೆ ಅದು ನಿಮಗೆ ತಲುಪೋದೇ ಇಲ್ಲ. ಚೆಕ್-ಇನ್ ಮಾಡುವಾಗಲೇ ಆ್ಯಪಿನಲ್ಲಿ ನಿಮ್ಮ ಐಡಿ ಹಾಕಿಕೊಳ್ಳಿ. ಅದರಲ್ಲಿ ಸಿಬ್ಬಂದಿಯ ಹೆಸರು ಬರೆಯೋ ಜಾಗ ಇರುತ್ತೆ. ‘ಎಲ್ಲರೂ ಚೆನ್ನಾಗಿದ್ದರು’ ಅಂದರೆ ಯಾರ ಲೆಕ್ಕಕ್ಕೂ ಬರಲ್ಲ. ಹೆಸರು, ಡೆಕ್, ಕ್ಯಾಬಿನ್ ನಂಬರ್, ಏನು ಮಾಡಿದರು ಅಂತ ಒಂದು ಸಾಲು ಬರೆದರೆ ಅದು ಅವರ ಕಡತಕ್ಕೆ ಹೋಗುತ್ತೆ, ಮುಂದಿನ ಕರಾರು, ಬಡ್ತಿ ಮಾತಾಡುವಾಗ ಮೇಲಿನವರು ಅದನ್ನ ನೋಡ್ತಾರೆ. ಅಂಕ ಕೊಡೋ ಕಡೆ ನಮ್ಮವರು ಪರೀಕ್ಷೆ ತಿದ್ದೋ ಹಾಗೆ ಹತ್ತಕ್ಕೆ ಏಳು ಕೊಟ್ಟು ‘ಒಳ್ಳೇ ಅಂಕ’ ಅಂದ್ಕೋತಾರೆ. ಇಂಥ ಸಮೀಕ್ಷೆಗಳಲ್ಲಿ ಏಳನ್ನ ಒಳ್ಳೇ ಅಂಕ ಅಂತ ಓದೋದಿಲ್ಲ. ಕೆಲಸ ಹಿಡಿಸಿದ್ದರೆ ಒಂಬತ್ತೋ ಹತ್ತೋ ಕೊಡಿ.